ಮೊದಲ ಸೆಲ್ ನೋಡ್ರಿ: ದೊಡ್ಡ ದನಿಯ ಕಾರ್ಡ್‌ಲೆಸ್ ಫೋನು

ನಮಸ್ಕಾರ್ರೀ. ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆ ಕುಂತು ಕೇಳಾಕತ್ತ ಹಿರಿಯರಿಗೆ, ಅವರ ಬಾಜೂಕ ಕುಂತ ಸೊಸಿ-ಮೊಮ್ಮಕ್ಕಳಿಗೆ ಎಲ್ಲಾರಿಗೂ ನಮಸ್ಕಾರ. ಇವತ್ತಿನ ವಿಷಯ, ಕಿವಿ ಮಂದ ಆದವರ ಸಲುವಾಗಿ ದನಿ ಏರಿಸಿ ಕೇಳಸೋ ಕಾರ್ಡ್‌ಲೆಸ್ ಫೋನು. ದೊಡ್ಡ ದೊಡ್ಡ ಅಂಕಿ ಇರ್ತಾವ, ಒಂದು ಬೂಸ್ಟ್ ಗುಂಡಿ ಇರ್ತದ, ಒತ್ತಿದ್ರ ಆ ಕಡೆಯವರ ದನಿ ಕೆಲವು ಫೋನಿನಾಗ 40 ಡೆಸಿಬೆಲ್ ತನಕ ಏರ್ತದ. ಭಾಳ ಮನ್ಯಾಗ ಇದನ್ನ ಪರದೇಶದಾಗಿರೋ ಮಕ್ಕಳು ತಂದು ಕೊಟ್ಟಿರ್ತಾರ. ತಂದವರು ಹಚ್ಚಿ ಕೊಟ್ಟು ವಿಮಾನ ಹತ್ತತಾರ. ಆಮ್ಯಾಲೆ ಅದು ಕೈ ಕೊಟ್ಟಾಗ ಕೇಳವರು ಯಾರೂ ಇರೂದಿಲ್ಲ.

ದೂರು ಹಿಂಗಿರ್ತಾವ: ‘ಸರಿಯಾಗಿ ಕೇಳ್ಸೂದಿಲ್ಲ’, ‘ಮಾತಿನ ನಡುವ ಕಟ್ ಆಗ್ತದ’, ‘ಗೊರ್ ಗೊರ್ ಅಂತದ’, ‘ಬೂಸ್ಟ್ ಒತ್ತಿದ ಕೂಡಲೇ ಆರಿ ಹೋಗ್ತದ’. ಲೈನ್‌ಮನ್‌ನ ಕರೀತೀರಿ, ಅಂಗಡಿಗೆ ಓಡ್ತೀರಿ, ಮಗನ ಮ್ಯಾಲೆ ಸಿಟ್ಟಾಗ್ತೀರಿ. ಅದ್ಯಾವುದೂ ಬ್ಯಾಡ. ಮೊದಲ ಸೆಲ್ ನೋಡ್ರಿ. ಈ ಮಾತನ್ನ ಇವತ್ತ ಇನ್ನೂ ಹತ್ತು ಸಲ ಹೇಳಾವ ಅದೀನಿ, ಬ್ಯಾಸರಾ ಮಾಡ್ಕೋಬ್ಯಾಡ್ರಿ.

ಯಾಕಂದ್ರ, ಹ್ಯಾಂಡ್‌ಸೆಟ್ಟಿನ ಬೆನ್ನಿನ ಮುಚ್ಚಳ ಸರಿಸಿದ್ರ ಒಳಗ ಸಣ್ಣ ಸೆಲ್ ಎರಡು ಕಾಣಸ್ತಾವ, ಟ್ರಿಪಲ್ ಎ ಅಳತೀವು. ರೀಚಾರ್ಜ್ ಆಗೋ ನಿಕ್ಕಲ್ ಮೆಟಲ್ ಹೈಡ್ರೈಡ್ ಸೆಲ್ಲು. ಒಂದೊಂದು 1.2 ವೋಲ್ಟ್, ಎರಡೂ ಕೂಡಿ 2.4. ಸಾದಾ ಮಾತಿಗೆ ಫೋನು ಸ್ವಲ್ಪ ಕರೆಂಟ್ ಎಳೀತದ. ಬೂಸ್ಟ್ ಒತ್ತಿದಾಗ ಕಿವೀ ಹತ್ತರದ ಸ್ಪೀಕರಿಗೆ ಶಕ್ತಿ ಭಾಳ ಬೇಕು. ಹಳೇ ಸೆಲ್ಲಿಗೆ ಅಷ್ಟು ಕೊಡೋ ತ್ರಾಣ ಇರೂದಿಲ್ಲ, ವೋಲ್ಟೇಜ್ ದಪ್ಪಂತ ಬೀಳ್ತದ. ಆಗ ದನಿ ಒಡೀತದ, ಗೊರಗುಟ್ತದ, ಕಡೀಕ ಹ್ಯಾಂಡ್‌ಸೆಟ್ ಆರಿ ಹೋಗ್ತದ. ನೀವು ‘ಬೂಸ್ಟ್ ಕೆಟ್ಟದ’ ಅಂತೀರಿ. ಬೂಸ್ಟ್ ಕೆಟ್ಟಿಲ್ಲ, ಅದಕ್ಕ ಉಪವಾಸ ಬಿದ್ದದ.

ಪರದೆ ಮ್ಯಾಲೆ ಬ್ಯಾಟರಿ ಗುರ್ತು ತುಂಬಿದಂಗ ತೋರಸ್ತದಲ್ಲ, ಅದನ್ನ ನಂಬಬ್ಯಾಡ್ರಿ. ತುಂಬಿದ ಗುರ್ತು ಮಾತು ಸುರು ಮಾಡಿದ ಐದ-ಹತ್ತ ನಿಮಿಷದಾಗ ಒಮ್ಮೆಲೇ ಖಾಲಿ ಆತಂದ್ರ ಸೆಲ್ ಮುದಿ ಆಗ್ಯಾವ ಅಂತನ ಅರ್ಥ. ದಿನಾ ಬಳಸೋ ಮನ್ಯಾಗ ಅವು ಒಂದರಿಂದ ಎರಡು ವರ್ಷ ಬಾಳ್ತಾವ, ಅಷ್ಟ.

ಬದಲಿ ಮಾಡೂದು ಸಸಾರ. ಹಳೇ ಸೆಲ್ ಎರಡನ್ನೂ ಕಿಸೇದಾಗ ಹಾಕ್ಕೊಂಡು ಹೋಗ್ರಿ, ಹುಬ್ಬಳ್ಳಿಯವರು ಕೊಪ್ಪೀಕರ ರಸ್ತೆಗೆ, ಧಾರವಾಡದವರು ಸುಭಾಸ ರಸ್ತೆಗೆ. ಅಂಗಡಿಯವಗ ತೋರಿಸಿ, ಇದ ಅಳತಿ, ಇದ ಜಾತಿ, ರೀಚಾರ್ಜ್ ಆಗೋವ ಕೊಡು ಅನ್ರಿ. ಮ್ಯಾಲೆ ಎಮ್‌ಎಎಚ್ ಅಂತ, ಅಂದ್ರ ಸೆಲ್ ಎಷ್ಟು ಚಾರ್ಜ್ ಹಿಡೀತದ ಅಂತ, ಬರದಿರೋ ಅಂಕಿ ಹಳೇದರ ಹತ್ತರ ಹತ್ತರ ಇರಲಿ. ಎರಡನ್ನೂ ಕೂಡೇ ಬದಲಿ ಮಾಡ್ರಿ. ಒಂದು ಹೊಸಾದು, ಒಂದು ಹಳೇದು ಹಾಕಿದ್ರ ಹಳೇದು ಹೊಸಾದನ್ನೂ ಕೆಡಸ್ತದ. ಕೂಡ್ಸೋ ಮುಂದ ಪ್ಲಸ್-ಮೈನಸ್ ಗುರ್ತು ನೋಡ್ರಿ. ಆಮ್ಯಾಲೆ ಮೊದಲನೇ ಸಲ ಪೂರಾ 16 ತಾಸು ಬೇಸ್, ಅಂದ್ರ ಹ್ಯಾಂಡ್‌ಸೆಟ್ ಕೂಡ್ಸಿ ಚಾರ್ಜ್ ಮಾಡೋ ಪೀಠ, ಅದರ ಮ್ಯಾಲೆ ಇಡ್ರಿ. ‘ಹಸಿರು ದೀಪ ಬಂತಲ್ಲ’ ಅಂತ ಎರಡ ತಾಸಿಗೆ ಎತ್ತಬ್ಯಾಡ್ರಿ. ಕೆಲವು ಫೋನಿನಾಗ ಬಿಡಿ ಸೆಲ್ ಇರೂದಿಲ್ಲ, ಕೆಂಪು-ಕರಿ ವಾಯರ್ ಇರೋ ಪ್ಯಾಕ್ ಇರ್ತದ. ಅಂಥಾದಕ್ಕ ಅದ ವೋಲ್ಟಿನ, ಅದ ಪಿನ್ನಿನ ಪ್ಯಾಕ್ ತರಬೇಕು.

ಗ್ವಾಡಿ ಗಡಿಯಾರಕ್ಕ, ಟಿವಿ ರಿಮೋಟಿಗೆ ಹಾಕೋ ಸಾದಾ ಸೆಲ್ ಮಾತ್ರ ಹಾಕಬ್ಯಾಡ್ರಿ. ಇದಕ್ಕ ಧಾರವಾಡದ ಮಾಳಮಡ್ಡಿಯ ಒಂದು ಮನಿ ಕತಿ ಕೇಳ್ರಿ, ಹೆಸರು ಬ್ಯಾಡ. ಸಾಲಿ ಮಾಸ್ತರಾಗಿ ನಿವೃತ್ತಿ ಆದ ಅಜ್ಜಾರು. ಮಗ ಜರ್ಮನಿಯಿಂದ ಫೋನು ತಂದು ಹಚ್ಚಿ ಕೊಟ್ಟು ಹೋದ. ಸೂಟಿ ಮುಗಿಯೂ ತನಕ ಛಲೋ ನಡೀತು. ಆಮ್ಯಾಲೆ ಪ್ರತಿ ರವಿವಾರ ಮಗನ ಫೋನ್ ಬಂತಂದ್ರ, ‘ಊಟಾತೇನೋ’ ಅನ್ನೂದರಾಗ ಕಟ್. ಮಗ ಅಲ್ಲಿಂದ ‘ಅಪ್ಪಾ, ಲೈನ್ ಸರಿ ಇಲ್ಲ’ ಅಂದ. ಲೈನ್‌ಮನ್ ಬಂದ, ತನ್ನ ಫೋನ್ ಹಚ್ಚಿ ನೋಡಿದ, ಟೋನ್ ಅಗದಿ ಸ್ವಚ್ಛ. ‘ಅಜ್ಜಾರ, ಲೈನಿಗೆ ಏನೂ ಆಗಿಲ್ರಿ’ ಅಂದ. ಇವರು ಒಪ್ಪಲಿಲ್ಲ. ಪಾಪ, ಅವರ ಸಮಾಧಾನಕ್ಕ ಗ್ವಾಡಿ ಮ್ಯಾಲಿನ ಡಬ್ಬಿ ಬದಲಿ ಮಾಡಿ ಹೋದ. ಬಾಜೂಮನಿಯವರು, ‘ನಿಮ್ಮವು ಹಳೇ ಕಾಲದ ದಪ್ಪ ಗ್ವಾಡಿ, ಸಿಗ್ನಲ್ ದಾಟೂದಿಲ್ಲ’ ಅಂದ್ರು. ಬೇಸು ಪಡಸಾಲಿಯಿಂದ ನಡುಮನಿಗೆ ಬಂತು, ನಡುಮನಿಯಿಂದ ದೇವರ ಮನಿ ಬಾಗಲಕ್ಕ ಬಂತು. ಅದಕ್ಕಂತ ಉದ್ದನ್ನ ವಾಯರ್ ಕೊಂಡ್ರು, ಅದು ಕಾಲಿಗೆ ತೊಡರಿ ಅಮ್ಮಾರು ಬೀಳೂದೊಂದು ಬಾಕಿ. ಫೋನು ಮಾತ್ರ ಅಲ್ಲೂ ಅದ ಹಾಡು, ಮೂರು ನಿಮಿಷಕ್ಕ ಬಂದ್. ಕಡೀಕ ಅಜ್ಜಾರು ಹೊಸಾ ಫೋನಿಗಂತ ರೊಕ್ಕ ಎಣಿಸಿ ತಗದಿಟ್ರು. ಅಷ್ಟರಾಗ ದಸರಾ ಬಂತು. ಮನಿ ಸ್ವಚ್ಛ ಮಾಡೋ ಮುಂದ ಸೊಸಿ ಹ್ಯಾಂಡ್‌ಸೆಟ್ ಒರಸಾಕಂತ ಹೋದಾಕಿ ಮುಚ್ಚಳ ತಗದು ನೋಡ್ತಾಳ, ಒಳಗ ಎರಡು ಸಾದಾ ಸೆಲ್. ಒಂದು ಒಡದು ಬೆಳ್ಳನ್ನ ಪುಡಿ ಸ್ಪ್ರಿಂಗಿಗೆ ಮೆತ್ತಿದ್ದದ. ಹಂಗಾದ್ರ ಮೊದಲಿನ ಸೆಲ್ ಎಲ್ಲೆ? ಮೊಮ್ಮಗನ ರಿಮೋಟ್ ಕಾರಿನಾಗ! ಸೂಟಿಯಾಗ ಕಾರಿನ ಸೆಲ್ ಇಳದಿದ್ವು. ಅವ ಫೋನಿನವು ತಗದು ಕಾರಿಗೆ ಹಾಕಿ, ಕಾರಿನವು ಫೋನಿಗೆ ಹಾಕಿದ್ದ. ಕೇಳಿದ್ರ, ‘ಎರಡೂ ಒಂದ ಸೈಜ್ ಅಲ್ಲೇನಜ್ಜಾ?’ ಅಂದ. ಹುಡುಗನ ಮಾತು ಖರೇನ. ಅಳತಿ ಒಂದ, ಜಾತಿ ಬ್ಯಾರೆ. ಬೇಸಿಗೆ ಅದು ತಿಳಿಯೂದಿಲ್ಲ, ಸಾದಾ ಸೆಲ್ಲಿಗೂ ಚಾರ್ಜ್ ಮಾಡಾಕ ನೋಡ್ತದ. ಆ ಸೆಲ್ಲು ಕಾಯ್ದು, ಉಬ್ಬಿ, ಸೋರ್ತದ.

ಹಂಗ ಸೋರಿದ್ರ ಬರಿಗೈಲೆ ಮುಟ್ಟಬ್ಯಾಡ್ರಿ. ಹಳೇ ಹಲ್ಲುಜ್ಜೋ ಬ್ರಷ್ಶಿಲೆ ಒಣದಾಗ ಉಜ್ಜಿ ಪುಡಿ ತಗೀರಿ. ಸ್ಪ್ರಿಂಗ್ ತುಕ್ಕು ತಿಂದು ತುಂಡಾಗಿರದಿದ್ರ ಹ್ಯಾಂಡ್‌ಸೆಟ್ ಉಳೀತದ.

ಸೆಲ್ ಹೊಸಾವದಾವ, ಚಾರ್ಜ್ ಮಾತ್ರ ಆಗವಲ್ದು ಅನ್ನವರು ಹ್ಯಾಂಡ್‌ಸೆಟ್ಟಿನ ಬುಡಕ್ಕಿರೋ ಎರಡು ಲೋಹದ ಪಟ್ಟಿ, ಬೇಸಿನ್ಯಾಗಿರೋ ಎರಡು ಕಡ್ಡಿ ನೋಡ್ರಿ. ಎಣ್ಣಿ ಕೈಲೆ, ಅರಿಷಿಣ-ಕುಂಕುಮದ ಕೈಲೆ ಎತ್ತಿ ಇಟ್ಟು ಅಲ್ಲೆ ಜಿಡ್ಡು ಹಿಡಿದಿರ್ತದ. ಅಡಾಪ್ಟರ್ ತಗದು, ಪೆನ್ಸಿಲ್ ಅಳಸೋ ರಬ್ಬರಿನಿಂದ ತಿಕ್ಕಿ, ಒಣ ಅರಿವೀಲೆ ಒರಸ್ರಿ. ನೀರು ಹಚ್ಚಬ್ಯಾಡ್ರಿ. ಪರದೇಶದ ಸಣ್ಣ ಪಿನ್ನಿನ ಅಡಾಪ್ಟರ್ ನಮ್ಮ ಬೋರ್ಡಿನಾಗ ಸಡಿಲ ಕುಂದರ್ತದ. ರಾತ್ರಿಯೆಲ್ಲಾ ಚಾರ್ಜಿಗೆ ಇಟ್ಟೀವಿ ಅಂತೀರಿ, ಕರೆಂಟ್ ಹೋಗೇ ಇರೂದಿಲ್ಲ.

ಅಮೆರಿಕಾದಿಂದ ಬಂದ ಫೋನಿಗೆ ಒಂದು ಎಚ್ಚರಿಕೆ. ಅಡಾಪ್ಟರ್ ಮ್ಯಾಲೆ ಇನ್‌ಪುಟ್ 120 ವೋಲ್ಟ್ ಅಂತ ಅಷ್ಟ ಬರದಿದ್ರ ನಮ್ಮ 230 ವೋಲ್ಟಿಗೆ ಚುಚ್ಚಬ್ಯಾಡ್ರಿ, ಸುಟ್ಟು ಹೋಗ್ತದ. ಅದಕ್ಕಿಂತ ದೊಡ್ಡ ಮಾತು, ಅಲ್ಲಿನ ಡೆಕ್ಟ್ 6.0 ಅನ್ನೋ ಜಾತಿಯ ಕಾರ್ಡ್‌ಲೆಸ್ ಫೋನು 1920ರಿಂದ 1930 ಮೆಗಾಹರ್ಟ್ಸಿನ ರೇಡಿಯೋ ತರಂಗದಾಗ ಮಾತಾಡ್ತದ. ನಮ್ಮಲ್ಲೆ ಅದು ಮೊಬೈಲ್ ಕಂಪನಿಗಳ ಜಾಗಾ, ಟವರಿಗೆ ತೊಂದರಿ ಆಗ್ತದ. ನಮ್ಮ ಕಾರ್ಡ್‌ಲೆಸ್ಸಿಂದು 1880ರಿಂದ 1900. ಯುರೋಪಿಂದೂ ಅದ. ಅಮೆರಿಕಾದಾಗಿರೋ ಮಕ್ಕಳಿಗೆ ಹೇಳ್ರಿ, ರೊಕ್ಕ ಕಳಸ್ರಪಾ, ಫೋನು ಇಲ್ಲೇ ಕೊಳ್ತೀವಿ ಅಂತ.

ಇನ್ನ ಬೂಸ್ಟ್. ಭಾಳ ಫೋನಿನಾಗ ಬೂಸ್ಟ್ ಒಂದು ಕರೆಗಷ್ಟ ಇರ್ತದ. ಫೋನ್ ಇಟ್ಟ ಕೂಡಲೇ ತಾನ ಕೆಳಗ ಇಳೀತದ. ಅದು ಕೆಟ್ಟಿದ್ದಲ್ಲ, ಮುಂದ ಎತ್ತೋ ಹುಡುಗರ ಕಿವಿ ಒಡೀಬಾರದಂತ ಬೇಕಂತಲೇ ಮಾಡಿದ್ದು. ಪ್ರತಿ ಸಲ ಒತ್ತಬೇಕು. ಕೆಲವದರಾಗ ಬೂಸ್ಟ್ ಖಾಯಂ ಇರೋ ಹಂಗ ಮಾಡೋ ಸಣ್ಣ ಸ್ವಿಚ್ ಬೇಸಿನ ಕೆಳಗ ಇರ್ತದ, ತಿರುವಿ ನೋಡ್ರಿ.

ದನಿ ದೊಡ್ಡದು ಕೇಳ್ತದ, ಮಾತು ತಿಳಿಯೂದಿಲ್ಲ ಅಂತೀರಿ. ವಯಸ್ಸಾದ ಕಿವಿಗೆ ಮೊದಲ ತಪ್ಪೂದು ಸಣ್ಣ ದನಿಯ ಅಕ್ಷರ: ಸ, ಶ, ಚ. ಅದಕ್ಕ ದನಿ ಏರಿಸ್ಕೋತ ಹೋದ್ರ ಗದ್ಲ ಆಗ್ತದ, ಅಷ್ಟ. ಟೋನ್ ಅಂತ ಬ್ಯಾರೆ ಗುಂಡಿ ಇರ್ತದ, ಅದನ್ನ ಹೈ ಕಡೆ ತಿರುವಿ, ದನಿ ಒಂದು ಮೆಟ್ಟಲಾ ಇಳಸ್ರಿ. ಕುಂಯ್ ಅಂತ ಸೀಟಿ ಹೊಡದ್ರ, ಸ್ಪೀಕರಿನ ದನಿ ಹೊರಬಿದ್ದು ಮೈಕಿನಾಗ ತಿರುಗಿ ಹೊಂಟದ ಅಂತ ತಿಳ್ಕೋರಿ. ಹ್ಯಾಂಡ್‌ಸೆಟ್ ಕಿವಿಗೆ ಗಟ್ಟಿ ಹಿಡೀರಿ, ಬೂಸ್ಟ್ ಹಾಕಿ ಟೇಬಲ್ ಮ್ಯಾಲೆ ಇಡಬ್ಯಾಡ್ರಿ. ಕಿವಿ ಹಿಂದ ಹಾಕೋ ಮಷೀನ್ ಇದ್ದವರು ಫೋನನ್ನ ಕಿವಿ ತೂತಿಗೆ ಹಿಡೀದ, ಸ್ವಲ್ಪ ಮ್ಯಾಲೆ, ಮಷೀನಿನ ಮೈಕ್ ಇದ್ದಲ್ಲೆ ಹಿಡೀಬೇಕು. ಮಷೀನಿನಾಗ ಟಿ ಅನ್ನೋ ಗುರ್ತಿದ್ರ ಅದಕ್ಕ ತಿರುವ್ರಿ, ಸೀಟಿ ನಿಲ್ತದ.

ವ್ಯಾಳೆ ಆಗಾಕತ್ತದ, ಉಳಿದಿದ್ದು ಲಗೂನ ಹೇಳ್ತೀನಿ. ಟೋನ್ ಬರೂದಿಲ್ಲಂದ್ರ ವಾಯರ್ ಇರೋ ಒಂದು ಸಾದಾ ಫೋನ್ ಅದ ಡಬ್ಬಿಗೆ ಚುಚ್ಚಿ ನೋಡ್ರಿ. ಅದಕ್ಕೂ ಟೋನ್ ಇಲ್ಲಂದ್ರ ಲೈನಿಂದು ದೋಷ, ಆವಾಗ ದೂರು ಕೊಡ್ರಿ. ಅದರಾಗ ಬಂದು ಇದರಾಗ ಬರಲಿಲ್ಲಂದ್ರ, ಏನು ಮಾಡಬೇಕು? ಸೆಲ್ ನೋಡ್ರಿ! ಫೈಬರ್ ಹಚ್ಚಿಸಿದವರು ಫೋನಿನ ವಾಯರನ್ನ ಹಳೇ ಡಬ್ಬಿಯಿಂದ ಕಿತ್ತು ಹೊಸಾ ಪೆಟ್ಟಿಗಿಯ ಫೋನ್ ಅಂತ ಬರದ ತೂತಿಗೆ ಹಾಕಿಸ್ಕೊಳ್ರಿ. ಹೆಸ್ಕಾಂ ಕರೆಂಟ್ ಹೋತಂದ್ರ ಆ ಪೆಟ್ಟಿಗಿನೂ ಸಾಯ್ತದ, ಕಾರ್ಡ್‌ಲೆಸ್ಸೂ ಸಾಯ್ತದ, ಎರಡನ್ನೂ ಇನ್ವರ್ಟರಿಗೆ ಕೊಡ್ರಿ. ತಾಮ್ರದ ಲೈನಿನ್ಯಾಗ ಬ್ರಾಡ್‌ಬ್ಯಾಂಡ್ ಇದ್ದು ಸೊಯ್ ಅಂತ ಸಪ್ಪಳ ಬಂದ್ರ ನಡುವ ಫಿಲ್ಟರ್ ಡಬ್ಬಿ ಬೇಕು.

ಪರದೆ ಮ್ಯಾಲೆ ‘ಸರ್ಚಿಂಗ್’ ಅಂತ ಬಂದು ನಿಂತ್ರ: ಅಡಾಪ್ಟರ್ ತಗೀರಿ, ಸೆಲ್ ತಗೀರಿ, ಒಂದು ನಿಮಿಷ ಬಿಡ್ರಿ. ಮೊದಲ ಅಡಾಪ್ಟರ್, ಆಮ್ಯಾಲೆ ಸೆಲ್ ಹಾಕಿ, ಹ್ಯಾಂಡ್‌ಸೆಟ್ ಬೇಸಿನ ಮ್ಯಾಲೆ ಕೂಡಸ್ರಿ. ಬೇಸು ಸ್ಟೀಲ್ ತಿಜೋರಿ ಬಾಜೂಕ, ಮೈಕ್ರೋವೇವ್ ಹತ್ತರ ಇದ್ರ ಮೂರು ಫೂಟು ದೂರ ಸರಸ್ರಿ. ರಿಂಗ್ ಕೇಳ್ಸೂದಿಲ್ಲಂದ್ರ ರಿಂಗರ್ ಸ್ವಿಚ್ ಆಫ್ ಆಗಿರ್ತದ. ಒರಸೋ ಮುಂದ ಕೈ ತಾಗಿರ್ತದ, ಮತ್ತೇನಿಲ್ಲ. ಬ್ಯಾಂಕಿಗೆ ಹಚ್ಚಿ ‘ಒಂದು ಒತ್ತಿ’ ಅಂದಾಗ ಒತ್ತಿದ್ರೂ ಕೆಲಸ ಆಗೂದಿಲ್ಲಂದ್ರ ಫೋನು ನಂಬರ್ ಕಳಸೋ ಪದ್ಧತಿನ ಪಲ್ಸಿನಿಂದ (ಟಕ್ ಟಕ್ ಸಪ್ಪಳದ್ದು) ಟೋನಿಗೆ (ಪೀಂ ಪೀಂ ಸಪ್ಪಳದ್ದು) ಬದಲಿ ಮಾಡ್ರಿ.

ಏಪ್ರಿಲ್-ಮೇ ತಿಂಗಳ ಗುಡುಗು-ಸಿಡಿಲಿನ ಮಳಿ ಬಂದಾಗ ಬರೇ ಅಡಾಪ್ಟರ್ ಕಿತ್ತರ ಸಾಲೂದಿಲ್ಲ, ಸಿಡಿಲು ಲೈನಿನ ವಾಯರಿನಾಗೂ ಬರ್ತದ. ಮಳಿ ದೂರ ಇದ್ದಾಗ, ಮೊದಲನೇ ಗುಡುಗಿಗೇ ಎರಡನ್ನೂ ತಗೀರಿ. ನೆತ್ತಿ ಮ್ಯಾಲೆ ಗುಡುಗೋ ಮುಂದ ವಾಯರ್ ಮುಟ್ಟಾಕ ಹೋಗಬ್ಯಾಡ್ರಿ. ಮಳಿ ನಿಂತ ಮ್ಯಾಲೆ ಹಚ್ಚಿದಾಗ ಫೋನು ಸುಮ್ಮನ ಇದ್ರ, ಲೈನ್‌ಮನ್‌ಗ ಹೇಳೂಕಿಂತ ಮೊದಲ ಮುಚ್ಚಳ ತಗದು ನೋಡ್ರಿ. ನಮಸ್ಕಾರ.