ನ್ಯೂಕ್ಯಾಸಲ್‌ಗೆ ಸೌದಿ ಬಣ್ಣ ಬಂದದ್ದು ಹೇಗೆ? | ಫುಟ್‌ಬಾಲ್‌ನಲ್ಲಿ ತೈಲದ ದುಡ್ಡು

[ದೃಶ್ಯ: ಬಿಳಿ ಜರ್ಸಿ, ಹಸಿರು ಅಂಚು]

ನಮಸ್ಕಾರ. ಈ ಜರ್ಸಿ ನೋಡಿ. ಬಿಳಿ ಬಟ್ಟೆ, ಹಸಿರು ಅಂಚು. ಥಟ್ಟನೆ ನೋಡಿದರೆ ಸೌದಿ ಅರೇಬಿಯಾ ತಂಡದ್ದು ಅನಿಸುತ್ತದೆ, ಅಲ್ವಾ? ಆದರೆ ಇದು ಇಂಗ್ಲೆಂಡಿನ ನ್ಯೂಕ್ಯಾಸಲ್ ಯುನೈಟೆಡ್ 2022-23ರಲ್ಲಿ ತೊಟ್ಟ ಜರ್ಸಿ. ಕಪ್ಪು-ಬಿಳಿ ಪಟ್ಟೆಗೆ ಹೆಸರಾದ ಕ್ಲಬ್ಬಿಗೆ ಹಸಿರು ಎಲ್ಲಿಂದ ಬಂತು?

[ದೃಶ್ಯ: ಸೇಂಟ್ ಜೇಮ್ಸ್ ಪಾರ್ಕ್ ಹೊರಗಿನ ಜನಸಂದಣಿ]

2021ರ ಅಕ್ಟೋಬರ್ 7. ಸುಮಾರು 30 ಕೋಟಿ ಪೌಂಡಿಗೆ ಕ್ಲಬ್ ಮಾರಾಟವಾಯಿತು. ಶೇ 80 ಪಾಲು ಸೌದಿಯ ಸರ್ಕಾರಿ ಹೂಡಿಕೆ ನಿಧಿಯಾದ ಪಬ್ಲಿಕ್ ಇನ್ವೆಸ್ಟ್‌ಮೆಂಟ್ ಫಂಡ್, ಅಂದರೆ ಪಿಐಎಫ್‌ಗೆ ಹೋಯಿತು. ಈ ಫಂಡಿನ ಅಧ್ಯಕ್ಷರು ಯುವರಾಜ ಮೊಹಮ್ಮದ್ ಬಿನ್ ಸಲ್ಮಾನ್. ಇಸ್ತಾಂಬುಲ್‌ನ ಸೌದಿ ಕಾನ್ಸುಲೇಟ್ ಒಳಗೆ, ಯುವರಾಜರನ್ನು ಟೀಕಿಸುತ್ತಿದ್ದ ಸೌದಿ ಪತ್ರಕರ್ತ ಜಮಾಲ್ ಖಶೋಗಿ ಅವರ ಕೊಲೆಯಾಗಿ ಆಗಿನ್ನೂ ಮೂರೇ ವರ್ಷ. ಅವತ್ತು ಸ್ಟೇಡಿಯಂ ಹೊರಗೆ ಅಭಿಮಾನಿಗಳು ತಲೆಗೆ ಟವೆಲ್ ಸುತ್ತಿಕೊಂಡು, ಸೌದಿ ಬಾವುಟ ಬೀಸುತ್ತಾ ಕುಣಿದರು.

ಸೌದಿ ಸರ್ಕಾರ ಕ್ಲಬ್ ಮೇಲೆ ಹಿಡಿತ ಇಟ್ಟುಕೊಳ್ಳುವುದಿಲ್ಲ ಎಂದು ಇಂಗ್ಲೆಂಡಿನ ಅಗ್ರ ಲೀಗ್ ಆದ ಪ್ರೀಮಿಯರ್ ಲೀಗ್‌ಗೆ ಭರವಸೆ ಸಿಕ್ಕಿತ್ತು. ಆಗ ಕ್ಲಬ್ಬಿನ ಅಧ್ಯಕ್ಷರಾದ ಯಾಸಿರ್ ಅಲ್ ರುಮಯ್ಯಾನ್ ಪಿಐಎಫ್ ಮುಖ್ಯಸ್ಥರೂ ಹೌದು, ತೈಲ ಕಂಪನಿ ಅರಾಮ್ಕೊದ ಅಧ್ಯಕ್ಷರೂ ಹೌದು. 2023ರಲ್ಲಿ ಪಿಐಎಫ್ ದುಡ್ಡು ಹಾಕಿದ್ದ ಗಾಲ್ಫ್ ಲೀಗ್ ಒಂದರ ಜಗಳ ಅಮೆರಿಕದ ಕೋರ್ಟಿಗೆ ಹೋಯಿತು. ಅಲ್ಲಿ ಪಿಐಎಫ್ ವಕೀಲರು ಇದೇ ವ್ಯಕ್ತಿಯನ್ನು ‘ಸೌದಿ ಸರ್ಕಾರದ ಹಾಲಿ ಸಚಿವ’ ಎಂದು ಬರೆದುಕೊಟ್ಟರು. ಇಂಗ್ಲೆಂಡಿನಲ್ಲಿ ಸರ್ಕಾರ ಬೇರೆ, ಫಂಡ್ ಬೇರೆ. ಅಮೆರಿಕದಲ್ಲಿ ಎರಡೂ ಒಂದೇ! ಇದನ್ನು ಓದಿದಾಗ ನನಗೆ ನಿಜಕ್ಕೂ ಸಿಟ್ಟು ಬಂತು.

ಮಾಲೀಕರು ಸುಮ್ನೆ ದುಡ್ಡು ಸುರಿಯುವಂತಿಲ್ಲ, ಲೀಗ್‌ನಲ್ಲಿ ಖರ್ಚಿಗೆ ಮಿತಿ ಇದೆ. ಆದರೆ ಜಾಹೀರಾತಿನ ಹಣ ಕ್ಲಬ್ಬಿನ ಆದಾಯ. 2023ರಿಂದ ನ್ಯೂಕ್ಯಾಸಲ್ ಎದೆಯ ಮೇಲೆ ‘ಸೆಲಾ’ ಅನ್ನೋ ಹೆಸರು ಬಂತು. ಆ ಕಂಪನಿಯೂ ಪಿಐಎಫ್‌ದೇ. ಇಂಥ ವ್ಯವಹಾರ ಮಾರುಕಟ್ಟೆ ಬೆಲೆಯಲ್ಲೇ ಆಗಬೇಕು ಅಂತ ಲೀಗ್ ನಿಯಮ ಮಾಡಿದೆ, ನಿಜ. ಆದರೆ ಕೊಡುವವರೂ ಪಡೆಯುವವರೂ ಒಂದೇ ಮನೆಯವರು.

ಈ ದಾರಿ ಹೊಸದಲ್ಲ. 2008ರಲ್ಲಿ ಅಬುಧಾಬಿಯ ಶೇಖ್ ಮನ್ಸೂರ್ ಮ್ಯಾಂಚೆಸ್ಟರ್ ಸಿಟಿ ಕೊಂಡರು. 2011ರಲ್ಲಿ ಕತಾರ್ ಪ್ಯಾರಿಸ್ ಕ್ಲಬ್ ಪಿಎಸ್‌ಜಿಗೆ ಕೈ ಹಾಕಿತು. ಬ್ರೆಜಿಲ್ ಆಟಗಾರ ನೇಮರ್ ಅವರನ್ನು ಕೊಳ್ಳಲು 22.2 ಕೋಟಿ ಯೂರೋ ಕೊಟ್ಟದ್ದು ಇದೇ ಪಿಎಸ್‌ಜಿ.

[ದೃಶ್ಯ: ವೆಂಬ್ಲಿ, ಮಾರ್ಚ್ 2025]

ನ್ಯೂಕ್ಯಾಸಲ್ ಲಿವರ್‌ಪೂಲನ್ನು 2-1ರಿಂದ ಸೋಲಿಸಿ ಲೀಗ್ ಕಪ್ ಎತ್ತಿತು. ಇಂಗ್ಲೆಂಡಿನ ದೊಡ್ಡ ಕಪ್ ಕೈಗೆ ಬಂದದ್ದು 1955ರ ನಂತರ ಅದೇ ಮೊದಲು. 70 ವರ್ಷ ಕಾದ ಊರಿನ ಆ ಸಂತೋಷ ಅಪ್ಪಟ. ಅವರನ್ನು ಬೈಯಲು ನನಗೆ ಮನಸ್ಸು ಬರುವುದಿಲ್ಲ. ತೈಲದ ದುಡ್ಡು ಕೊಳ್ಳುವುದು ಆ ಪ್ರೀತಿಯನ್ನೇ. ಲಾಭ ಅದರ ಮುಂದೆ ಚಿಕ್ಕದು.

[ದೃಶ್ಯ: ಫಿಫಾ ಆನ್‌ಲೈನ್ ಸಭೆ]

2024ರ ಏಪ್ರಿಲ್‌ನಲ್ಲಿ ಅರಾಮ್ಕೊ ಫಿಫಾದ ಪ್ರಾಯೋಜಕ ಆಯಿತು. ಅದೇ ಡಿಸೆಂಬರ್ 11ಕ್ಕೆ 2034ರ ವಿಶ್ವಕಪ್ ಸೌದಿಗೆ ಸಿಕ್ಕಿತು. ಸ್ಪರ್ಧೆಗೆ ಬೇರೆ ದೇಶವೇ ಇರಲಿಲ್ಲ. ಮತ ಎಣಿಕೆ ನಡೆಯಲಿಲ್ಲ. ದೇಶದೇಶದ ಫುಟ್‌ಬಾಲ್ ಪ್ರತಿನಿಧಿಗಳು ಕ್ಯಾಮೆರಾ ಮುಂದೆ ಕೂತು ಚಪ್ಪಾಳೆ ತಟ್ಟಿದರು.