ಕುಲುಮೆ ತಣಿಯುವಾಗ ಆಗುವ ಕೆಲಸ

ಎಲ್ಲರಿಗೂ ನಮಸ್ಕಾರ. ಶಂಕರಘಟ್ಟದ ಈ ಸಭೆಯಲ್ಲಿ ಪ್ರಾಜೆಕ್ಟಿಗೆ ಅತಿವಾಹಕ ಬಿಲ್ಲೆ, ಅಂದರೆ ತೀರಾ ತಣಿಸಿದಾಗ ವಿದ್ಯುತ್ತನ್ನು ತಡೆಯೇ ಇಲ್ಲದೆ ಹರಿಸುವ ಬಿಲ್ಲೆ, ಮಾಡಹೊರಟವರೇ ಹೆಚ್ಚು. ಹಾಗಾಗಿ ಪೀಠಿಕೆ ಬಿಟ್ಟು ನೇರ ವಿಷಯಕ್ಕೆ ಬರುತ್ತೇನೆ: 950 ಡಿಗ್ರಿ ಮುಟ್ಟಿತು, ಕೆಲಸ ಮುಗಿಯಿತು ಅಂತ ಕುಲುಮೆ ಆರಿಸಿ ಮನೆಗೆ ಹೋಗಬೇಡಿ.

ನಮ್ಮ ಬಿಲ್ಲೆಯ ವಸ್ತು ವೈಬಿಸಿಓ, ಅಂದರೆ ಯಿಟ್ರಿಯಮ್, ಬೇರಿಯಮ್, ತಾಮ್ರ, ಆಮ್ಲಜನಕ ಸೇರಿದ ಹರಳು. ಅದರ 10 ಗ್ರಾಂಗೆ ಯಿಟ್ರಿಯಮ್ ಆಕ್ಸೈಡ್ 1.695, ಬೇರಿಯಮ್ ಕಾರ್ಬೊನೇಟ್ 5.924, ತಾಮ್ರದ ಆಕ್ಸೈಡ್ 3.582 ಗ್ರಾಂ. ಯಿಟ್ರಿಯಮ್ ಆಕ್ಸೈಡ್ ತೇವ ಹೀರುತ್ತದೆ; ನಮ್ಮ ಆಷಾಢದಲ್ಲಂತೂ ಕೇಳುವುದೇ ಬೇಡ. 900 ಡಿಗ್ರಿಯಲ್ಲಿ ಕಾಯಿಸಿಯೇ ತೂಗಿ. ಬೇರಿಯಮ್ ಕಾರ್ಬೊನೇಟ್ ವಿಷ, ಮಾಸ್ಕ್ ಹಾಕಿಕೊಂಡು ಅರೆಯಿರಿ. 900ರಿಂದ 930ರಲ್ಲಿ ಹನ್ನೆರಡು ಗಂಟೆ ಸುಟ್ಟು, ಮತ್ತೆ ಅರೆದು, ಮತ್ತೆ ಸುಡಬೇಕು. ಪುಡಿ ಕಡುಗಪ್ಪಾಗಬೇಕು. ಹಸಿರು ಕಂಡರೆ ಅದು 211 ಹಂತ, ಅಂದರೆ ಯಿಟ್ರಿಯಮ್, ಬೇರಿಯಮ್, ತಾಮ್ರ 2:1:1 ಪ್ರಮಾಣದಲ್ಲಿ ಸೇರಿದ ಬೇಡದ ವಸ್ತು: ಅರೆದದ್ದು ಸಾಲದು, ಇಲ್ಲವೇ ಶಾಖ ಸಾವಿರ ಡಿಗ್ರಿ ದಾಟಿದೆ.

ಇಲ್ಲೊಂದು ಕಥೆ ಹೇಳಲೇಬೇಕು. 1987ರಲ್ಲಿ, ಈ ಅತಿವಾಹಕವನ್ನು ಕಂಡುಹಿಡಿದವರಲ್ಲೊಬ್ಬರಾದ ಭೌತವಿಜ್ಞಾನಿ ಪಾಲ್ ಚು ಅವರ ತಂಡ ಪತ್ರಿಕೆಗೆ ಕಳಿಸಿದ ಲೇಖನದಲ್ಲಿ ಯಿಟ್ರಿಯಮ್‌ನ 'ವೈ' ಇರಬೇಕಾದಲ್ಲಿ 'ವೈಬಿ' ಅಂತಿತ್ತು, ಅಂದರೆ ಯಿಟರ್ಬಿಯಮ್. ಅಚ್ಚಾಗುವ ಮುಂಚೆ ತಿದ್ದಿದರು. ಟೈಪಿಂಗ್ ತಪ್ಪು ಅಂದರು ಚು. ಗುಟ್ಟು ಕಾಯುವ ಉಪಾಯ ಅಂದರು ಉಳಿದವರು. ಅಷ್ಟರಲ್ಲಿ ಯಿಟರ್ಬಿಯಮ್ ಸುದ್ದಿ ಹಬ್ಬಿಬಿಟ್ಟಿತ್ತು. ತಮಾಷೆ ಏನು ಗೊತ್ತೇ? ಯಿಟರ್ಬಿಯಮ್ ಹಾಕಿದರೂ ಸುಮಾರು 90 ಕೆಲ್ವಿನ್‌ನಲ್ಲಿ (ಸೊನ್ನೆ ಸೆಲ್ಸಿಯಸ್‌ಗಿಂತ ಸುಮಾರು 183 ಡಿಗ್ರಿ ಕೆಳಗೆ) ಅದು ಅತಿವಾಹಕವೇ! ಆ ಜಾಗದಲ್ಲಿ ವಿರಳ ಭೂಧಾತುಗಳಲ್ಲಿ ಹೆಚ್ಚಿನವು ಕೂತರೂ ಹೆಚ್ಚು ವ್ಯತ್ಯಾಸವಿಲ್ಲ. ಆದರೆ ಆಮ್ಲಜನಕ ತೆಗೆಯಿರಿ ನೋಡೋಣ: ವೈಬಿಸಿಓ ಸೂತ್ರದಲ್ಲಿ ಆಮ್ಲಜನಕದ ಪಾಲು 6.9 ಇದ್ದರೆ ಅತಿವಾಹಕವಾಗುವ ತಾಪ 90 ಕೆಲ್ವಿನ್ ದಾಟುತ್ತದೆ, 6.6ರಲ್ಲಿ 60ರ ಆಸುಪಾಸು, 6.3ಕ್ಕೆ ಬಂದರೆ ಅತಿವಾಹಕವೇ ಅಲ್ಲ.

ಆ ಕಪ್ಪು ಪುಡಿಯನ್ನು ಬಿಲ್ಲೆಯಾಗಿ ಒತ್ತಿ ಸುಡುವಾಗ, 950ರಲ್ಲಿ ಇರುವುದು ಆಮ್ಲಜನಕ ಕಡಿಮೆಯಾದ ಟೆಟ್ರಾಗೋನಲ್ ರೂಪ, ಅಂದರೆ ಹರಳಿನ ಚಿಕ್ಕ ಘಟಕದ ತಳ ಚೌಕ: ಎ ಮತ್ತು ಬಿ ಅಂಚುಗಳೆರಡೂ 3.86 ಆಂಗ್‌ಸ್ಟ್ರಾಮ್ (ಒಂದು ಆಂಗ್‌ಸ್ಟ್ರಾಮ್ ಅಂದರೆ ಮೀಟರಿನ ಸಾವಿರ ಕೋಟಿಯಲ್ಲೊಂದು ಭಾಗ). ಆಮ್ಲಜನಕದ ಹರಿವಿನಲ್ಲಿ ತಣಿಸುತ್ತ 700ರ ಹತ್ತಿರ ಬಂದಾಗ, ಒಳಬಂದ ಪರಮಾಣುಗಳು ಬಿ ದಿಕ್ಕಿನಲ್ಲೇ ಸಾಲುಗಟ್ಟುತ್ತವೆ. ಕೊನೆಗೆ ಎ 3.82ಕ್ಕೆ ಕುಗ್ಗಿ ಬಿ 3.89ಕ್ಕೆ ಹಿಗ್ಗುತ್ತದೆ; ಅಂಚುಗಳು ಬೇರೆಬೇರೆಯಾದ ಅದೇ ಆರ್ಥೊರಾಂಬಿಕ್, ನಮಗೆ ಬೇಕಾದ ಅತಿವಾಹಕ ರೂಪ. ಎಕ್ಸ್-ರೇ ಚದುರಿಕೆಯಲ್ಲಿ 47 ಡಿಗ್ರಿ ಕೋನದ ಒಂದು ಶಿಖರ ಒಡೆದು 46.7, 47.6 ಆಗಿದ್ದರೆ ಆಮ್ಲಜನಕ ಸೇರಿದೆ ಅಂತ ಅರ್ಥ.

ತಂಪಾದಷ್ಟೂ ಆಮ್ಲಜನಕ ಹಿಡಿಯುವ ಆಸೆ ಹರಳಿಗೆ ಹೆಚ್ಚು, ಆದರೆ ಅದು ಒಳಗೆ ನಡೆಯುವ ವೇಗ ಕಡಿಮೆ. ಎರಡಕ್ಕೂ ಒಪ್ಪುವ ಜಾಗ 450ರಿಂದ 500 ಡಿಗ್ರಿ. ಅಲ್ಲಿ ಒಂದು ಹಗಲು ಒಂದು ರಾತ್ರಿ ನಿಲ್ಲಿಸಿ, ಆಮೇಲೆ ನಿಮಿಷಕ್ಕೆ ಒಂದು ಡಿಗ್ರಿಯಂತೆ ಇಳಿಸಿ. ಬಿಲ್ಲೆ ತೀರಾ ಗಟ್ಟಿಯಾಗಿದ್ದರೆ, ಅವಸರಕ್ಕೆ ಒಣಗಿಸಿದ ಅಡಿಕೆಯಂತೆ ಹೊರಗೆ ಸರಿ, ಒಳಗೆ ಹಸಿ! ಅದಕ್ಕೇ ಮತ್ತೆ ಹೇಳುತ್ತೇನೆ, ಮನೆಗೆ ಹೋಗಬೇಡಿ.

ಚೀಟಿ ಬಂತು, ಸಮಯ ಮುಗಿಯುತ್ತಿದೆಯಂತೆ. ಆಮ್ಲಜನಕ ಎಷ್ಟಿದೆ ಅಂತ ಅಳೆಯಲು ಅಯೋಡಿನ್ ಟೈಟ್ರೇಶನ್ ಸಾಕು. ವಿವರ ಚಹಾ ಹೊತ್ತಿಗೆ ಕೇಳಿ. ಬಿಲ್ಲೆಯನ್ನು ಸಿಲಿಕಾ ಜೆಲ್ ಇರುವ ಡೆಸಿಕೇಟರ್‌ನಲ್ಲೇ (ತೇವ ತಾಗದ ಮುಚ್ಚಿದ ಪಾತ್ರೆಯಲ್ಲೇ) ಇಡಿ. ನೀರು ತಾಗಿದರೆ ಬೇರಿಯಮ್ ಹೊರಬಂದು ಮೈಮೇಲೆ ಬಿಳಿ ಕಾರ್ಬೊನೇಟ್ ಕಟ್ಟುತ್ತದೆ.

ಹಾಂ, ಇನ್ನೊಂದು. ಮಳೆಗಾಲದಲ್ಲಿ ನಡುರಾತ್ರಿ ಕರೆಂಟು ಹೋಗಿ ಬಿಲ್ಲೆ ಬೇಗ ತಣಿದುಬಿಟ್ಟರೆ ಎಸೆಯಬೇಡಿ. ಬಿರುಕು ಬಿಡದಿದ್ದರೆ ಅದನ್ನೇ ಆಮ್ಲಜನಕದಲ್ಲಿ 500ಕ್ಕೆ ಏರಿಸಿ, ಮೊದಲಿನಂತೆ ನಿಲ್ಲಿಸಿ ಇಳಿಸಿ. ಸಾಲುಗಳು ಮತ್ತೆ ತುಂಬಿಕೊಳ್ಳುತ್ತವೆ.