ನಿಂತ ಕಲ್ಲೆಲ್ಲ ಪಾಂಡವರ ಕಲ್ಲಲ್ಲ

ಎಲ್ಲರಿಗೂ ನಮಸ್ಕಾರ.

ಮೊಳಕಾಲ್ಮೂರು ಕಡೆಯ ಒಂದು ಹೊಲದಲ್ಲಿ ಆಳೆತ್ತರದ ಕಲ್ಲು ನಿಂತಿದೆ, ಪಾಂಡವರ ಕಾಲದ್ದು, ಬಂದು ನೋಡಿ ಅಂತ ಒಮ್ಮೆ ಹುಡುಗರು ಕರೆದರು. ಹೋದೆ. ಸೊಂಟದ ಎತ್ತರದಲ್ಲಿ ಮಾತ್ರ ಕಲ್ಲು ಎಣ್ಣೆ ಹಚ್ಚಿದ ಹಾಗೆ ನುಣ್ಣಗೆ ಹೊಳೆಯುತ್ತಿತ್ತು. ಬಿರುಕಿನಲ್ಲಿ ನಾಲ್ಕು ಕೆಂಚು ಕೂದಲು ಸಿಕ್ಕಿಕೊಂಡಿದ್ದವು. ಅಷ್ಟರಲ್ಲಿ ಹೊಲದ ಅಜ್ಜ ಬಂದರು. "ಅದಾ ಸ್ವಾಮಿ? ದನ ಮೈ ಉಜ್ಜಿಕೊಳ್ಳಲಿ ಅಂತ ನಮ್ಮಪ್ಪ ನೆಟ್ಟಿದ್ದು" ಅಂದರು.

ಹುಡುಗರ ಮುಖ ಸಪ್ಪಗಾಯಿತು. ಅವರದೇನೂ ತಪ್ಪಿಲ್ಲ. ನಮ್ಮ ಕಡೆ ಕಲ್ಲು ನೆಡದ ಕಾಲವೇ ಇಲ್ಲ. ಸರ್ವೆಯವರ ಬಾಂದುಕಲ್ಲು, ಊರ ಮುಂದಿನ ಕರುವುಗಲ್ಲು, ಬಾವಿ ಮೇಲಿನ ಕಪಿಲೆ ಕಂಬ, ವೀರಗಲ್ಲು, ಎಲ್ಲವೂ ನಿಂತೇ ಇರುತ್ತವೆ.

ಕಲ್ಲು ಸವೆದಿದೆ, ಹಾಗಾಗಿ ಹಳೆಯದು ಅಂತ ಸುಮ್ನೆ ಹೇಳಿಬಿಡುತ್ತೇವೆ, ಅಲ್ವಾ? ಚಿತ್ರದುರ್ಗದ ಗ್ರಾನೈಟ್‌ಗೆ ಸುಮಾರು 260 ಕೋಟಿ ವರ್ಷ. ಹೋದ ವರ್ಷ ನೆಟ್ಟ ಬಂಡೆಯೂ ಪುರಾತನವಾಗೇ ಕಾಣುತ್ತದೆ. ನಮಗೆ ಬೇಕಾದದ್ದು ಅದನ್ನು ನಿಲ್ಲಿಸಿದ ಕಾಲ. ಅದಕ್ಕೆ ಒಡೆದ ಅಂಚು ನೋಡಿ. ಉದ್ದಕ್ಕೆ ಸೀಳಿದ ಕೊಳವೆಯಂಥ ಗೆರೆ ಇದ್ದರೆ ಅದು ಕಂಪ್ರೆಸರ್ ಡ್ರಿಲ್‌ನ ಗುರುತು, ನಮ್ಮ ಕಾಲದ್ದು. ಸಾಲಾಗಿ ಬೆಣೆ ಗುಳಿ ಕಂಡರೂ ಅನುಮಾನಪಡಿ. ಆಮೇಲೆ ಬುಡಕ್ಕೆ ಬಗ್ಗಿ. ಕಲ್ಲುಹೂವಿಗೆ ಬೆಳಕು ಬೇಕು, ಮಣ್ಣೊಳಗೆ ಅದು ಬೆಳೆಯುವುದಿಲ್ಲ. ಕೆದಕದೇ ಕಂಡಷ್ಟರಲ್ಲೇ ಅದರ ಮಚ್ಚೆ ಮಣ್ಣಿನ ಗೆರೆಯ ಕೆಳಕ್ಕೂ ಇಳಿದಿದ್ದರೆ ಆ ಕಲ್ಲು ಈಚೆಗೆ ಅಲ್ಲಿಗೆ ಬಂದಿದೆ, ಇಲ್ಲವೇ ಮಣ್ಣು ಈಚೆಗೆ ಬಿದ್ದಿದೆ.

ನನ್ನ ಮಟ್ಟಿಗೆ ಕಲ್ಲಿಗಿಂತ ಅದರ ನೆರೆಹೊರೆಯೇ ಜಾಸ್ತಿ ಹೇಳುತ್ತದೆ. ಶಿವಮೊಗ್ಗ ಜಿಲ್ಲೆಯ ನಿಲಸ್ಕಲ್‌ನಲ್ಲಿ ಬೃಹತ್ ಶಿಲಾಯುಗದವರು, ಅಂದರೆ ದೊಡ್ಡ ಕಲ್ಲು ನೆಡುತ್ತಿದ್ದ ಬಹಳ ಹಿಂದಿನ ಜನ, ನಿಲ್ಲಿಸಿದ ಕಲ್ಲುಗಳು ಹಿಂಡಾಗಿವೆ, ಊರಿನ ಹೆಸರಲ್ಲೇ ಕಲ್ಲಿದೆ. ನಮ್ಮ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಗೆ ಬನ್ನಿ. 1947ರಲ್ಲಿ ಬ್ರಿಟಿಷ್ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಅಗೆಸಿದ ಜಾಗ. ಅಲ್ಲಿನ ಹಳೆಯ ಕಲ್ಲುಗೋರಿಗಳಲ್ಲಿ ನಾಲ್ಕು ಹಾಸುಗಲ್ಲನ್ನು ಒಂದಕ್ಕೊಂದು ಆನಿಸಿ ನಿಲ್ಲಿಸಿದ್ದಾರೆ. ಒಂದು ಕಡೆಯ ಕಲ್ಲು ಬಿದ್ದರೆ ಇನ್ನೊಂದು ತಡೆಯುತ್ತದೆ. ಪೂರ್ವದ ಕಲ್ಲಿನಲ್ಲಿ ದುಂಡನೆಯ ಕಿಂಡಿ, ಸುತ್ತ ಗುಂಡುಕಲ್ಲಿನ ಬಳೆ. ಒಳಗೆ ಸತ್ತವರ ಮೂಳೆ, ಕಬ್ಬಿಣದ ಸಾಮಾನು, ಮಡಕೆ. ಆ ಮಡಕೆಯ ಒಂದು ಚೂರು ನೋಡಿದರೆ ಮರೆಯುವುದಿಲ್ಲ: ಒಳಮೈ ಮತ್ತು ಬಾಯಂಚು ಕಪ್ಪು, ಹೊರಗೆ ಕೆಳಭಾಗ ಕೆಂಪು, ಕೈಗೆ ನಯ. ನಿಂತ ಕಲ್ಲಿನ ಸುತ್ತ ಇಂಥ ಚೂರು, ಇಂಥ ಬಳೆ ಕಂಡರೆ ನನ್ನ ಎದೆ ಹೊಡೆದುಕೊಳ್ಳುತ್ತದೆ.

ಇಂಥದೇ ಒಂದು ಕಲ್ಲುಗೋರಿಯನ್ನು ನಿಧಿ ಆಸೆಗೆ ಯಾರೋ ರಾತ್ರೋರಾತ್ರಿ ಅಗೆದಿದ್ದರು. ಕಿಂಡಿಯ ಕಲ್ಲು ಎರಡು ಹೋಳಾಗಿತ್ತು. ಮಡಕೆಗಳನ್ನು ಒಡೆದು ಹೊರಗೆ ಚೆಲ್ಲಿದ್ದರು. ಅದರಲ್ಲಿ ಚಿನ್ನ ಇರಲಿಲ್ಲ, ಯಾರದೋ ಮನೆಯವರು ಸತ್ತವರಿಗೆ ಇಟ್ಟ ಪಾತ್ರೆ ಅದು. ದಯವಿಟ್ಟು ಬುಡ ಕೆದಕಬೇಡಿ. ಚೂರು ಎತ್ತಿಕೊಂಡು ಹೋಗಬೇಡಿ, ಜಾಗ ಬದಲಾದರೆ ಅದು ಏನನ್ನೂ ಹೇಳುವುದಿಲ್ಲ. ಫೋಟೋ ತೆಗೆದು, ಸರ್ವೆ ನಂಬರ್ ಬರೆದುಕೊಂಡು ಪುರಾತತ್ವ ಇಲಾಖೆಗೆ ತಿಳಿಸಿ. ಅದಕ್ಕೂ ಮುಂಚೆ ಹೊಲದವರನ್ನು ಒಂದು ಮಾತು ಕೇಳಿ.